ದಾವಣಗೆರೆಯ ವೃತ್ತಿನಿರತ ಕಲಾವಿದೆಯರ ಬಳಗ: ಹಳೆಯ ಸದಸ್ಯೆಯ ಅಭಿಪ್ರಾಯ

ಚಿತ್ರಕಲೆ, ಸಂಗೀತ, ರಂಗಭೂಮಿ, ಛಾಯಾಗ್ರಹಣಗಳನ್ನೇ ಜೀವನೋಪಾಯ ಮಾಡಿಕೊಂಡ ಹೆಣ್ಣುಮಕ್ಕಳಿಗಾಗಿ ದಾವಣಗೆರೆಯಲ್ಲಿ ನಡೆಯುತ್ತಿರುವ ಬಳಗವೊಂದರಲ್ಲಿ ನಾನು ಹಲವು ವರ್ಷಗಳಿಂದ ಸದಸ್ಯೆ. ಪುಸ್ತಕಗಳಿಗೆ ಮುಖಪುಟ ಮತ್ತು ಒಳಚಿತ್ರ ಬರೆಯುವುದು ನನ್ನ ವೃತ್ತಿ. ಶಾಲು, ಹಾರ, ಸನ್ಮಾನಗಳನ್ನು ನಿರೀಕ್ಷಿಸಿ ಬರುವವರಿಗೆ ಇಲ್ಲಿ ನಿರಾಸೆಯಾಗಬಹುದು. ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆಯನ್ನು ಕಾಗದಪತ್ರದ ಮೂಲಕ ಕೇಳಿ ಪಡೆಯುವುದನ್ನು ಈ ಬಳಗ ಕಲಿಸುತ್ತದೆ, ಮತ್ತು ಚೆನ್ನಾಗಿ ಕಲಿಸುತ್ತದೆ.

ಪ್ರಕಾಶಕರೊಬ್ಬರು ನನ್ನ ಮುಖಪುಟದ ವರ್ಣಚಿತ್ರವನ್ನು ಒಂದು ಮಾತೂ ಕೇಳದೆ ಕ್ಯಾಲೆಂಡರಿಗೂ ಬಳಸಿಕೊಂಡಾಗ, ಹಿರಿಯ ಸದಸ್ಯೆಯೊಬ್ಬರು ನನ್ನ ಮತ್ತು ಪ್ರಕಾಶಕರ ನಡುವಿನ ಪತ್ರವನ್ನು ಮೇಜಿನ ಮೇಲೆ ಹರವಿ, ಪ್ರತಿ ಸಾಲಿನ ಕೆಳಗೂ ಪೆನ್ಸಿಲ್ ಆಡಿಸುತ್ತ ಓದಿ, ಅಂಚಿನಲ್ಲಿ ‘ಎಷ್ಟು ವರ್ಷ? ಯಾವ ಬಳಕೆಗೆ? ಮರುಮುದ್ರಣಕ್ಕೆ ಎಷ್ಟು?’ ಎಂದು ಬರೆದರು. ಪತ್ರದಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಹಕ್ಕು ಕಲಾವಿದೆಯ ಬಳಿಯೇ ಉಳಿದು, ಆಕೆ ಅದನ್ನು ಅವಧಿ ನಮೂದಿಸದೆ ವರ್ಗಾಯಿಸಿದರೆ, 19ನೇ ಸೆಕ್ಷನ್ ಪ್ರಕಾರ ಆ ವರ್ಗಾವಣೆ 5 ವರ್ಷಕ್ಕೆ ಸೀಮಿತ. ಕೆಲಸಕ್ಕೆ ಕೈ ಹಚ್ಚುವ ಮೊದಲೇ ಕರಾರು ಆಗಬೇಕೆಂದು ಬಳಗ ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ಬಳಗದ ಮಾದರಿ ಕರಾರನ್ನು ಈಗ ಪ್ರತಿ ಕೆಲಸಕ್ಕೂ ಕಳಿಸುತ್ತೇನೆ. ಬಹುತೇಕರು ತಕರಾರಿಲ್ಲದೆ ಸಹಿ ಹಾಕುತ್ತಾರೆ.

ಬಿಲ್ ಬರೆಯುವುದು, ಸಂಭಾವನೆಯಲ್ಲಿ ಮೊದಲೇ ಕಡಿತವಾದ ಆದಾಯ ತೆರಿಗೆಯನ್ನು (ಟಿಡಿಎಸ್) ರಿಟರ್ನ್ ಸಲ್ಲಿಸಿ ಹಿಂಪಡೆಯುವುದು ಮುಂತಾದವಕ್ಕೂ ನೆರವು ಸಿಗುತ್ತದೆ. ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಮುನ್ನಡೆಸಿ, 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಊರಿದು. ಇಂಥ ಊರಿನಲ್ಲೂ ಕಲಾವಿದೆಯರು ದುಡ್ಡಿನ ಮಾತೆತ್ತಲು ಹಿಂಜರಿಯುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಕೊರತೆಗಳೂ ಇವೆ. ಸಭೆ ಸಂಜೆ ನಡೆಯುವುದರಿಂದ ಜಗಳೂರು, ಹೊನ್ನಾಳಿ ಕಡೆಯವರು ಬಸ್ಸಿನ ಸಮಯ ನೋಡಿ ಅರ್ಧಕ್ಕೇ ಎದ್ದು ಹೋಗಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಸದಸ್ಯತ್ವದ ನಿಯಮದಲ್ಲಿದೆ. ಸ್ವಂತ ಹೆಸರಿನಲ್ಲಿ ಮಾಡಿದ ಕೆಲಸದ ಬಿಲ್ಲುಗಳನ್ನು ಅರ್ಜಿಯ ಜೊತೆ ತೋರಿಸಬೇಕು. ತಾಂಡಾಗಳಲ್ಲಿ ಕನ್ನಡಿ, ಕವಡೆ ಕೂರಿಸಿ ಲಂಬಾಣಿ ಕಸೂತಿ ಹಾಕುವ ಹೆಣ್ಣುಮಕ್ಕಳು ಮಧ್ಯವರ್ತಿಗಳಿಗೆ ದುಡಿಯುತ್ತಾರೆ. ಅವರ ಕೈಯಲ್ಲಿ ಬಿಲ್ಲೂ ಇಲ್ಲ, ಬಟ್ಟೆಯ ಮೇಲೆ ಅವರ ಹೆಸರೂ ಇರುವುದಿಲ್ಲ. ಮಾದರಿ ಕರಾರಿನ ಅಗತ್ಯ ನನಗಿಂತ ಅವರಿಗೇ ಹೆಚ್ಚು. ಬಿಲ್ಲಿನ ಬದಲು ಕೆಲಸದ ಮಾದರಿಯನ್ನೇ ನೋಡಿ ಸದಸ್ಯತ್ವ ಕೊಡಬೇಕೆಂದು ನಾನು ಲಿಖಿತವಾಗಿ ಕೇಳಿದ್ದೇನೆ. ಮುಂದಿನ ವಾರ್ಷಿಕ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.