‘ಎತ್ತಬೇಡಿ’ ಪೂರ್ತಿ ಕೇಳಿಸುವುದು ಯಾವುದರಲ್ಲಿ? ಎಂಪಿಟಿ 1327, ಟೆಟ್ರಾ, ಡಿಎಂಆರ್ ಟಿಯರ್ 3

ಕ್ರೇನಿನ ಕೆಳಗೆ ನಿಂತವನು ವಾಕಿಟಾಕಿ ಸೆಟ್‌ನಲ್ಲಿ ‘ಎತ್ತಬೇಡಿ’ ಅಂದರೆ, ಮೇಲೆ ಕ್ಯಾಬಿನ್‌ನಲ್ಲಿ ಕೂತವನಿಗೆ ಆ ‘ಬೇಡಿ’ ಕೇಳಿಸಲೇಬೇಕು. ಕಾರ್ಖಾನೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುವ ನಾನು ಮೂರೂ ಟ್ರಂಕಿಂಗ್ ವ್ಯವಸ್ಥೆಗಳನ್ನು ಅಳೆದದ್ದು ಇದೇ ಪದ ಇಟ್ಟುಕೊಂಡು.

ಟ್ರಂಕಿಂಗ್‌ನಲ್ಲಿ ಯಾವ ವಿಭಾಗಕ್ಕೂ ಸ್ವಂತ ಚಾನೆಲ್ ಇಲ್ಲ. ಊಟದ ಹೊತ್ತಿನ ಹೋಟೆಲಿನ ಹಾಗೆ, ಖಾಲಿಯಾದ ಟೇಬಲ್ಲನ್ನು ಸಪ್ಲೈಯರ್ ತೋರಿಸುತ್ತಾನೆ. ನೀವು ಎದ್ದರೆ ಅದು ಬೇರೆಯವರಿಗೆ. ಆ ಸಪ್ಲೈಯರ್ ಕೆಲಸ ಕಂಟ್ರೋಲ್ ಚಾನೆಲ್‌ನದು.

1988ರಲ್ಲಿ ಬ್ರಿಟನ್ನಿನಲ್ಲಿ ಬಂದ ಎಂಪಿಟಿ 1327ರಲ್ಲಿ ಈ ವ್ಯವಹಾರ ಕಿವಿಗೇ ಕೇಳಿಸುತ್ತದೆ. ಸಾದಾ ರಿಸೀವರ್ ಹಿಡಿದರೆ 1200 ಮತ್ತು 1800 ಹರ್ಟ್ಸ್‌ನ ಎರಡು ಸ್ವರಗಳು ಮಳೆಗಾಲದ ಜೀರುಂಡೆಯಂತೆ ಬಿಡದೆ ಚಿರಗುಟ್ಟುತ್ತವೆ. ವೇಗ ಸೆಕೆಂಡಿಗೆ 1200 ಬಿಟ್. ಒಂದು ಸ್ಲಾಟ್‌ಗೇ, ಅಂದರೆ ಒಂದು ಸರದಿಗೇ, ಸುಮಾರು 107 ಮಿಲಿಸೆಕೆಂಡು. ಗುಂಡಿ ಒತ್ತಿದರೆ ಸೆಟ್ಟು ‘ಅಲೋಹ’ ಎಂಬ ಆಹ್ವಾನಕ್ಕೆ ಕಾದು, ಸಿಕ್ಕ ಒಂದು ಸ್ಲಾಟ್‌ನಲ್ಲಿ ಬೇಡಿಕೆ ಹಾಕುತ್ತದೆ. ಇಬ್ಬರ ಬೇಡಿಕೆ ಡಿಕ್ಕಿ ಹೊಡೆದರೆ ಮತ್ತೆ ಮೊದಲಿಂದ. ಆಮೇಲೆ ‘ಇಂಥ ಚಾನೆಲ್‌ಗೆ ಹೋಗು’ ಎಂಬ ಆದೇಶ. ಶಿಫ್ಟ್ ಬದಲಾಗುವ ಹೊತ್ತಿಗೆ ಈ ಕಾಯುವಿಕೆ ಬೆರಳಿಗೇ ಗೊತ್ತಾಗುತ್ತದೆ. ‘ಇನ್ನು ಮಾತಾಡಿ’ ಎನ್ನುವ ಟೋನ್ ಬರುವ ಮುಂಚೆ ಬಾಯಿ ಬಿಟ್ಟವರ ಮೊದಲ ಅಕ್ಷರ ಹೋಗುತ್ತದೆ. ಆದರೆ ಸಿಗ್ನಲ್ ಸೋತಲ್ಲಿ ಅನಲಾಗ್ ಧ್ವನಿ ಗೊರಗೊರ ಅನ್ನುತ್ತಲೇ ಉಳಿಯುತ್ತದೆ. ಕನ್ವೇಯರ್ ಸುರಂಗದ ತುದಿಯಿಂದ ನಾನು ಹೇಳಿದ ‘ಬೇಡಿ’ ಆ ಗದ್ದಲದೊಳಗೂ ತಿಳಿಯಿತು.

ಟೆಟ್ರಾ ಡಿಜಿಟಲ್. 25 ಕಿಲೋಹರ್ಟ್ಸ್ ಅಗಲದ ಒಂದು ಕ್ಯಾರಿಯರ್‌ನಲ್ಲಿ (ಮಾತು ಹೊರುವ ಅಲೆಯಲ್ಲಿ) ನಾಲ್ಕು ಸ್ಲಾಟ್ ಮಾಡುತ್ತದೆ: ಮೊದಲ ಕ್ಯಾರಿಯರ್‌ನಲ್ಲಿ ಒಂದು ಕಂಟ್ರೋಲ್‌ಗೆ, ಮೂರು ಮಾತಿಗೆ. ಸ್ಲಾಟ್ ಬರೀ 14 ಮಿಲಿಸೆಕೆಂಡು, ವೇಗ ಸೆಕೆಂಡಿಗೆ 36,000 ಬಿಟ್. ಒತ್ತಿದ ಕೂಡಲೇ ಟೋನ್ ಬರುತ್ತದೆ, ಧ್ವನಿ ತಿಳಿಯಾಗಿರುತ್ತದೆ. ಅದೇ ಸುರಂಗದಲ್ಲಿ ಮಾತ್ರ, ಯಾವ ಸೂಚನೆಯೂ ಇಲ್ಲದೆ ಮಾತು ತುಂಡಾಗಿ ಮೇಲೆ ‘ಎತ್ತ’ ಅಷ್ಟೇ ತಲುಪಿತು. ಪರೀಕ್ಷೆಯ ದಿನ, ಹುಕ್ ಖಾಲಿ. ಆದರೂ ಮೈ ತಣ್ಣಗಾಯಿತು.

ಡಿಎಂಆರ್ ಕೂಡ ಡಿಜಿಟಲ್, 12.5 ಕಿಲೋಹರ್ಟ್ಸ್‌ನಲ್ಲಿ ಎರಡು ಸ್ಲಾಟ್ ಕೊಡುತ್ತದೆ. ಲೆಕ್ಕ ಹಾಕಿದರೆ 25ಕ್ಕೆ ಇಲ್ಲೂ ನಾಲ್ಕೇ. ಅದರ ಟ್ರಂಕಿಂಗ್ ರೂಪವಾದ ಟಿಯರ್ 3ರ ಅಲೋಹ ಕ್ರಮ ಎಂಪಿಟಿಯದೇ ಮುಂದುವರಿಕೆ, ಹಾಗಾಗಿ ಹಳಬರಿಗೆ ಹೊಸದೆನಿಸಲಿಲ್ಲ. ಟೆಟ್ರಾಗೆ ಅಲೆಯ ಏರಿಳಿತ ಕೆಡಿಸದೆ ಬಲ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರ್ ಬೇಕು, ಇದಕ್ಕೆ ಬೇಡ. ನಮ್ಮ ಟೆಟ್ರಾ ಸೆಟ್ 1 ವಾಟ್, ಡಿಎಂಆರ್ 4 ವಾಟ್. ಡಿಎಂಆರ್ ಹಿಡಿದು ಸುರಂಗದಲ್ಲಿ ಇನ್ನೂ ನಲವತ್ತು ಹೆಜ್ಜೆ ಒಳಗೆ ಹೋಗಲು ಸಾಧ್ಯವಾಯಿತು. ಆಮೇಲೆ ಇದೂ ಟೆಟ್ರಾದಂತೆಯೇ ಒಮ್ಮೆಲೇ ಕತ್ತರಿಸಿತು.

ನೂರಾರು ಸೆಟ್ ಒಟ್ಟಿಗೆ ಮಾತಾಡುವ ಕಡೆ ನಾನು ಟೆಟ್ರಾ ಹಾಕಿ, ಸುರಂಗಕ್ಕೆ ಉದ್ದಕ್ಕೂ ಸಿಗ್ನಲ್ ಸೋರಿಸುವ ಲೀಕಿ ಕೇಬಲ್ ಎಳೆಸುತ್ತೇನೆ. ಸಣ್ಣ ಘಟಕಕ್ಕೆ ಡಿಎಂಆರ್ ಧಾರಾಳ ಸಾಕು. ಯಾವುದನ್ನು ಹಾಕಿದರೂ ನಮ್ಮಲ್ಲಿ ಈಗ ‘ಎತ್ತಬೇಡಿ’ ಅನ್ನುವಂತಿಲ್ಲ. ಟೋನ್ ಕೇಳಿ, ಮೂರು ಸಲ: ‘ನಿಲ್ಸಿ, ನಿಲ್ಸಿ, ನಿಲ್ಸಿ.’