ಹಲ್ಲೆ ದೂರು: 115(2)ವೋ, 118(1)ವೋ?

ಕೈಯಲ್ಲಿ ಹೊಡೆದು ಸಾಧಾರಣ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 115(2): ಗರಿಷ್ಠ 1 ವರ್ಷ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಅಷ್ಟೇ ಗಾಯ ಮಚ್ಚಿನಿಂದ ಆಗಿದ್ದರೆ 118(1): 3 ವರ್ಷದವರೆಗೆ ಜೈಲು ಅಥವಾ 20,000ದವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಎಫ್‌ಐಆರ್ ದಾಖಲಿಸಲು ಮ್ಯಾಜಿಸ್ಟ್ರೇಟರ ಅನುಮತಿ ಬೇಕಿಲ್ಲ.

ಗುಂಡು ಹಾರಿಸುವ, ಇರಿಯುವ, ಕತ್ತರಿಸುವ ಸಾಧನಗಳ ಜೊತೆಗೆ ಬೆಂಕಿ, ವಿಷ, ಆ್ಯಸಿಡ್, ಸ್ಫೋಟಕ ಮಾತ್ರವಲ್ಲ, ಛೂಬಿಟ್ಟ ನಾಯಿಯೂ 118ರೊಳಗೆ ಬರುತ್ತದೆ!

ತಕರಾರು ಏಳುವುದು ಕಲ್ಲು, ದೊಣ್ಣೆಗಳಲ್ಲಿ. ಇವು ‘ಸಾವು ತರುವ ಸಂಭವವಿರುವ’ ಸಾಧನವೆಂದು ತೋರಿಸಬೇಕು. 2005ರ ಮಥಾಯಿ ಪ್ರಕರಣದಲ್ಲಿ ಕಲ್ಲಿನ ಗಾತ್ರಕ್ಕೆ ಸಾಕ್ಷ್ಯವಿರಲಿಲ್ಲ. ಸುಪ್ರೀಂ ಕೋರ್ಟ್ ಹಳೆಯ ದಂಡ ಸಂಹಿತೆಯ 326ನ್ನು (ಆಯುಧದಿಂದ ತೀವ್ರ ಗಾಯ) 325ಕ್ಕೆ (ಆಯುಧವಿಲ್ಲದೆ ತೀವ್ರ ಗಾಯ) ಇಳಿಸಿತು. ಹಾಗಾಗಿ ದೂರಿನಲ್ಲಿ ಬರೀ ‘ಕಲ್ಲಿನಿಂದ ಹೊಡೆದ’ ಎಂದರೆ ಸಾಲದು. ಗಾತ್ರ, ಅಂದಾಜು ತೂಕ, ಪೆಟ್ಟು ಬಿದ್ದ ಜಾಗ ಬರೆಸಿ. ವಸ್ತು ಮಹಜರಿನಲ್ಲಿ ಜಪ್ತಿಯಾಗಲಿ.

ಮೂಳೆ ಮುರಿದರೆ ಅಥವಾ ಹಲ್ಲು ಉದುರಿದರೆ ಅದು ತೀವ್ರ ಗಾಯ. ಆಯುಧವಿಲ್ಲದಿದ್ದರೆ 117(2), 7 ವರ್ಷದವರೆಗೆ. ಆಯುಧವಿದ್ದರೆ 118(2), ಕನಿಷ್ಠ 1 ವರ್ಷ, ಜೀವಾವಧಿಯೂ ಆಗಬಹುದು. ಎಕ್ಸ್‌ರೇ ವರದಿ ಬರುವ ಮುನ್ನ ಕಲಂಗಾಗಿ ಜಗಳವಾಡಬೇಡಿ, ತನಿಖೆಯಲ್ಲಿ ಸೇರಿಸಲು ಅವಕಾಶವಿದೆ.