ಎಚ್ಚರಿಕೆ: ಒಂದು ಕೇಬಲ್ ಕೆಟ್ಟಿದ್ದಕ್ಕೆ ಇಡೀ ಕಂಪ್ಯೂಟರ್ ಕೆಡಿಸಿಕೊಳ್ಳಬೇಡಿ

ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ನಡುನಡುವೆ ತಡವರಿಸುತ್ತಿತ್ತು. ಹತ್ತು ನಿಮಿಷ ಚೆನ್ನಾಗಿ ಓಡುವುದು, ಆಮೇಲೆ ಒಮ್ಮೆ ಐದು ಸೆಕೆಂಡು, ಇನ್ನೊಮ್ಮೆ ಅರ್ಧ ನಿಮಿಷ ಹ್ಯಾಂಗ್ ಆಗುವುದು, ಮತ್ತೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುವುದು. ಇದಕ್ಕೆ ಕೊಟ್ಟ ಚಿಕಿತ್ಸೆ ಎಲ್ಲರೂ ಕೊಡುವಂಥದ್ದೇ. ಮೊದಲು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್, ಆಮೇಲೆ ಇನ್ನೊಂದು ರ‍್ಯಾಮ್, ಅದಕ್ಕೂ ಬಗ್ಗದಿದ್ದಾಗ ಪ್ರೊಸೆಸರ್ ತಣ್ಣಗಿಡುವ ಕೂಲರ್ ಬಿಚ್ಚಿ, ಅವೆರಡರ ನಡುವೆ ಹಚ್ಚುವ ಹೊಸ ಥರ್ಮಲ್ ಪೇಸ್ಟ್. ಮೂರೂ ಮುಗಿಯುವ ಹೊತ್ತಿಗೆ ಹಳೆಯ ಫೋಟೋಗಳು ಹೋಗಿದ್ದವು, ತಡವರಿಕೆ ಇದ್ದಲ್ಲೇ ಇತ್ತು, ಮೊದಲು ಇರದಿದ್ದ ಇನ್ನೊಂದು ರೋಗ ಹತ್ತಿಕೊಂಡಿತ್ತು: ಪ್ರೊಸೆಸರ್ 99 ಡಿಗ್ರಿ ಮುಟ್ಟಿ ಇಡೀ ಯಂತ್ರ ಆಮೆಯಾಗುತ್ತಿತ್ತು. ಮೂಲ ದೋಷ ಇದ್ದದ್ದು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಒಂದು ಸಾಟಾ ಕೇಬಲ್‌ನಲ್ಲಿ. ಉಳಿದದ್ದೆಲ್ಲ ರಿಪೇರಿಯ ಕೊಡುಗೆ.

ಎಡವಿದ್ದು ಮೊದಲ ಹೆಜ್ಜೆಯಲ್ಲೇ. ಕಂಪ್ಯೂಟರ್ ನಿಲ್ಲುತ್ತದೆ ಎಂದರೆ ಸಾಲದು, ಹೇಗೆ ನಿಲ್ಲುತ್ತದೆ ಎಂದು ಯಾರೂ ನೋಡಲಿಲ್ಲ. ಮೌಸ್ ಬಾಣ ಓಡಾಡುತ್ತಿದೆ, ಆದರೆ ಫೋಲ್ಡರ್ ತೆರೆಯುತ್ತಿಲ್ಲ, ಕ್ಯಾಬಿನೆಟ್ಟಿನ ಡಿಸ್ಕ್ ದೀಪ ಮಿಣುಕದೆ ಒಂದೇ ಸಮ ಉರಿಯುತ್ತಿದೆ ಎಂದಾದರೆ ಮೊದಲ ಅನುಮಾನ ಡಿಸ್ಕ್ ಮೇಲೆ. ಭಾರದ ಕೆಲಸ ಶುರುವಾದ ಮೇಲೆ ಫ್ಯಾನ್ ಸದ್ದು ಏರಿ, ಎಲ್ಲವೂ ಒಂದೇ ಹದದಲ್ಲಿ ನಿಧಾನವಾದರೆ ಬಿಸಿ. ಮೌಸ್ ಕೂಡ ಕಲ್ಲಾಗಿ, ಸ್ಪೀಕರ್‌ನಲ್ಲಿ ಒಂದೇ ಸ್ವರ ಜೀರುಂಡೆಯ ಹಾಗೆ ಕೊರೆಯುತ್ತಿದ್ದರೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಅಥವಾ ಪ್ರೊಸೆಸರ್. ಸದ್ದಿಲ್ಲದೆ ಪಟ್ಟನೆ ಆರಿಹೋದರೆ ವಿಪರೀತ ಬಿಸಿ, ಇಲ್ಲವೇ ಪವರ್ ಸಪ್ಲೈ.

ಈ ಯಂತ್ರದಲ್ಲಿ ಕಂಡದ್ದು ಮೊದಲನೆಯದು. ಹ್ಯಾಂಗ್ ಆದ ಗಳಿಗೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದೇ ಇದ್ದಿದ್ದರೆ ಸಾಕಿತ್ತು: ಡಿಸ್ಕ್ ಆಕ್ಟಿವ್ ಟೈಮ್ 100%, ಓದುವ ಬರೆಯುವ ವೇಗ ಎರಡೂ ಸೊನ್ನೆಯ ಆಸುಪಾಸು. ಕೆಲಸ ಜಾಸ್ತಿಯಾಗಿ 100% ಆಗಿದ್ದರೆ ವೇಗವೂ ಏರಿರಬೇಕು. ವೇಗವಿಲ್ಲದ 100% ಎಂದರೆ ಡಿಸ್ಕ್ ಉತ್ತರ ಕೊಡುತ್ತಿಲ್ಲ, ವಿಂಡೋಸ್ ಕಾಯುತ್ತಾ ಕೂತಿದೆ. ಕಾದು ಸಾಕಾದಾಗ ಅದು ಸಂಪರ್ಕವನ್ನು ರೀಸೆಟ್ ಮಾಡಿ ಮತ್ತೆ ಕೇಳುತ್ತದೆ. ಅದರ ಗುರುತು ವಿಂಡೋಸ್‌ನ ಆಗುಹೋಗುಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ 129 ಎಂಬ ಸಂಖ್ಯೆಯಲ್ಲಿ ಉಳಿಯುತ್ತದೆ. ಕೋರಿಕೆಯನ್ನು ಮತ್ತೊಮ್ಮೆ ಕಳಿಸಬೇಕಾಯಿತು ಎಂಬುದಕ್ಕೆ 153, ಕೆಟ್ಟ ಬ್ಲಾಕ್ ಸಿಕ್ಕಿತು ಎಂಬುದಕ್ಕೆ 7. ಅಂದಹಾಗೆ ಎಲ್ಲರ ಕಣ್ಣಿಗೆ ಮೊದಲು ಬೀಳುವ ಕೆಂಪು ಗುರುತಿನ ಕರ್ನಲ್-ಪವರ್ 41 ಯಾವ ದೋಷವನ್ನೂ ಹೇಳುವುದಿಲ್ಲ. ಹಿಂದಿನ ಬಾರಿ ಕಂಪ್ಯೂಟರ್ ಕ್ರಮವಾಗಿ ಬಂದ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಅದನ್ನು ನೋಡಿ ಪವರ್ ಸಪ್ಲೈ ಬದಲಿಸಿದವರಿಗೆ ಲೆಕ್ಕವಿಲ್ಲ.

ಮುಂದಿನ ಸಾಕ್ಷಿ ಡಿಸ್ಕ್‌ನ ಸ್ಮಾರ್ಟ್ ದಾಖಲೆ, ಅಂದರೆ ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಬರೆದಿಡುವ ಲೆಕ್ಕ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆದು ಸಿ7 (C7) ಎಂಬ ಸಾಲು ಹುಡುಕಿ. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿಯಲ್ಲಿ ಎಷ್ಟು ಬಾರಿ ಮಾಹಿತಿ ಕೆಟ್ಟು ಬಂತು ಎಂಬ ಎಣಿಕೆ ಅದು. ಹಾರ್ಡ್ ಡಿಸ್ಕ್ ಆದರೆ 05 ಮತ್ತು ಸಿ5 ಕೂಡ ನೋಡಬೇಕು. ಅವು ಏರುತ್ತಿದ್ದರೆ ಡಿಸ್ಕ್‌ನ ಮೇಲ್ಮೈಯೇ ಹಾಳಾಗುತ್ತಿದೆ, ತಡಮಾಡದೆ ಬ್ಯಾಕಪ್ ತೆಗೆಯಿರಿ. ಸಿ7 ಮಾತ್ರ ಏರಿದ್ದು ಉಳಿದವು ಸೊನ್ನೆಯಾಗಿದ್ದರೆ ಡಿಸ್ಕ್ ಸಾಮಾನ್ಯವಾಗಿ ನಿರಪರಾಧಿ, ತಪ್ಪು ಕೇಬಲ್ಲಿನದು. ಇಲ್ಲೊಂದು ಕಿರಿಕಿರಿ ಇದೆ: ಆ ತಂತ್ರಾಂಶ ಕಚ್ಚಾ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ 64 ಎಂದಿದ್ದರೆ ನಿಜವಾಗಿ 100. ಸೆಟಿಂಗ್‌ನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು.

ಈ ಯಂತ್ರದ ಸಾಟಾ ಕೇಬಲ್ಲನ್ನು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಚೊಕ್ಕವಾಗಿ ಕಾಣಲೆಂದು ಕಾಗದ ಮಡಿಸಿದಂತೆ ಮಡಚಿ, ಅದರ ಮೇಲೆ ಪಕ್ಕದ ಬಾಗಿಲು ಒತ್ತಿ ಮುಚ್ಚಲಾಗಿತ್ತು. ಕನೆಕ್ಟರ್‌ಗೆ ಲೋಹದ ಕೊಂಡಿಯೂ ಇರಲಿಲ್ಲ. ಕೊಂಡಿ ಇರುವ ಹೊಸ ಕೇಬಲ್ ಹಾಕಿ, ಬೇರೆ ಸಾಟಾ ಪೋರ್ಟಿಗೆ ಸಿಕ್ಕಿಸಿದ್ದಷ್ಟೇ, ತಡವರಿಕೆ ನಿಂತಿತು.

ಹಾಗಾದರೆ ಫಾರ್ಮ್ಯಾಟ್? ಅದು ಬರೀ ನಷ್ಟ. ತುಂಬಿಕೊಳ್ಳಲಾಗದ ನಷ್ಟ ಕೂಡ, ಯಾಕೆಂದರೆ ಈ ಯಂತ್ರದ ಡಿಸ್ಕ್ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವಂಥದ್ದು. ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೋಗುವುದು ವಿಳಾಸಪಟ್ಟಿ ಮಾತ್ರ, ಮೇಲೆ ಬೇರೇನೂ ಬರೆಯದಿದ್ದರೆ ಫೈಲುಗಳನ್ನು ರಿಕವರಿ ತಂತ್ರಾಂಶದಿಂದ ಎತ್ತಬಹುದು. ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಫಾರ್ಮ್ಯಾಟ್ ಜೊತೆಗೇ 'ಈ ಜಾಗಗಳು ಇನ್ನು ಬೇಡ' ಎಂಬ ಟ್ರಿಮ್ ಆದೇಶವನ್ನೂ ಕಳಿಸುತ್ತದೆ, ಆ ಜಾಗಗಳನ್ನು ಡಿಸ್ಕ್ ತಾನೇ ಒರೆಸಿ ಹಾಕುತ್ತದೆ. ಆಮೇಲೆ ಯಾವ ರಿಕವರಿ ತಂತ್ರಾಂಶ ಓಡಿಸಿದರೂ ಸಿಗುವುದು ಸೊನ್ನೆಗಳೇ.

ಇನ್ನು ಬಿಸಿಯ ಕಥೆ. ಪೇಸ್ಟ್ ಬದಲಿಸುವ ಮುಂಚೆ ಈ ಪ್ರೊಸೆಸರ್ ಎಷ್ಟು ಡಿಗ್ರಿಯಲ್ಲಿತ್ತು ಎಂಬ ಲೆಕ್ಕವೇ ಇರಲಿಲ್ಲ, ಯಾರೂ ಅಳೆದಿರಲಿಲ್ಲ. ಬದಲಿಸಿದ ಮೇಲೆ, ಬಿಸಿ ಅಳೆಯುವ ತಂತ್ರಾಂಶ ಎಚ್‌ಡಬ್ಲ್ಯೂಇನ್ಫೋದಲ್ಲಿ ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದ ವೇಗ ಇಳಿಕೆ) ಸಾಲಿನಲ್ಲಿ 'ಯೆಸ್' ಎಂದು ಬರತೊಡಗಿತು. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮಿತಿ ಸಾಮಾನ್ಯವಾಗಿ 100 ಡಿಗ್ರಿ. ಅಲ್ಲಿಗೆ ಬಂದರೆ ಚಿಪ್ ತಾನೇ ವೇಗ ಕಡಿಮೆ ಮಾಡಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನ ಮಾದರಿಗಳಲ್ಲಿ ಮಿತಿ 95, ಮತ್ತು ಪೂರ್ತಿ ಭಾರದಲ್ಲಿ ಅಲ್ಲಿವರೆಗೆ ಹೋಗುವಂತೆಯೇ ದೊಡ್ಡ ಮಾದರಿಗಳನ್ನು ರೂಪಿಸಿದ್ದಾರೆ. ಆದ್ದರಿಂದ ಸಂಖ್ಯೆಯೊಂದನ್ನೇ ನೋಡಿ ಗಾಬರಿಯಾಗುವುದಕ್ಕಿಂತ ಅದು ಎಷ್ಟು ಬೇಗ ಏರುತ್ತದೆ ಎಂದು ನೋಡುವುದು ಮೇಲು. ಪ್ರೊಸೆಸರ್ ಮೇಲೆ ಪೂರ್ತಿ ಭಾರ ಹಾಕುವ ಸಿನೆಬೆಂಚ್ ತಂತ್ರಾಂಶ ಶುರು ಮಾಡಿದ ಎರಡು ಮೂರು ಸೆಕೆಂಡಿನಲ್ಲೇ 40ರಿಂದ 95ಕ್ಕೆ ಜಿಗಿದರೆ, ಅದೂ ಸಾಧಾರಣ ಮಟ್ಟದ ಪ್ರೊಸೆಸರ್‌ನಲ್ಲಿ, ಕೂಲರ್ ಚಿಪ್ಪಿಗೆ ಸರಿಯಾಗಿ ಅಂಟಿಯೇ ಇಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಮೆಲ್ಲಗೆ ಏರಿದರೆ ದೂಳು, ಇಲ್ಲವೇ ಗಾಳಿಯಾಡದ ಕ್ಯಾಬಿನೆಟ್. ಪಕ್ಕದ ಬಾಗಿಲು ತೆಗೆದು ಮತ್ತೆ ಅಳೆಯಿರಿ. ಹತ್ತು ಡಿಗ್ರಿ ಇಳಿದರೆ ತಪ್ಪು ಪೇಸ್ಟಿನದಲ್ಲ, ಗಾಳಿಯ ದಾರಿಯದು.

ಇಲ್ಲಿ ಆದದ್ದು ಜಿಗಿತ. ಕೂಲರ್ ಬಿಚ್ಚಿ ತಳ ನೋಡಿದಾಗ ಕಾರಣ ಬರೆದಿಟ್ಟಂತಿತ್ತು: ಮೂರು ಮೂಲೆ ಕಡೆ ಪೇಸ್ಟ್ ತೆಳ್ಳಗೆ ಹರಡಿದೆ, ನಾಲ್ಕನೆಯ ಮೂಲೆಯಲ್ಲಿ ಹಿಂಡಿದ ಗುಡ್ಡೆ ಗುಡ್ಡೆಯಾಗಿಯೇ ಇದೆ. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಒಂದು ಕಾಲು ಬೋರ್ಡಿನ ತೂತಿನೊಳಗೆ ಅರ್ಧ ಇಳಿದು ನಿಂತಿತ್ತು. ಮೇಲಿನಿಂದ ನೋಡಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ, ಅದೇ ಮೋಸ.

ಈ ಕಾಲುಗಳ ತಲೆ ಮೇಲೆ ಒಂದು ಬಾಣವಿದೆ. ಬಹಳ ಜನ ಅದನ್ನು ಬಿಗಿ ಮಾಡುವ ದಿಕ್ಕು ಎಂದುಕೊಳ್ಳುತ್ತಾರೆ. ಅಲ್ಲ, ಅದು ಬಿಚ್ಚುವ ದಿಕ್ಕು. ಕೂರಿಸುವಾಗ ಬಾಣದ ವಿರುದ್ಧ ಕೊನೆತನಕ ತಿರುಗಿಸಿ, ಕಪ್ಪು ಕಡ್ಡಿಯನ್ನು ಮೇಲಕ್ಕೆ ಎಳೆದಿಟ್ಟು, ಎದುರು ಬದುರು ಮೂಲೆಯ ಎರಡು ಕಾಲುಗಳನ್ನು ಒಟ್ಟಿಗೆ ಒತ್ತಬೇಕು. ಆಮೇಲೆ ಉಳಿದೆರಡು. ಕ್ಲಿಕ್ ಸದ್ದನ್ನು ನಂಬಬೇಡಿ, ಬೋರ್ಡಿನ ಹಿಂಬದಿ ನೋಡಿ: ಪ್ರತಿ ತೂತಿನಲ್ಲೂ ಬಿಳಿ ಕೊಕ್ಕೆ ಪೂರ್ತಿ ಹೊರಬಂದು ಅಗಲಿಸಿರಬೇಕು, ನಡುವೆ ಕಪ್ಪು ಕಡ್ಡಿ ತೂರಿರಬೇಕು. ಹಿಂಬದಿ ಕಾಣುವ ಕಿಂಡಿ ಕ್ಯಾಬಿನೆಟ್ಟಿನಲ್ಲಿ ಇಲ್ಲದಿದ್ದರೆ ಬೋರ್ಡನ್ನೇ ಹೊರತೆಗೆದು ಕೂರಿಸುವುದು ವಾಸಿ. ಒಮ್ಮೆ ಕೂರಿಸಿ ಕಿತ್ತರೆ ಹಳೆಯ ಪೇಸ್ಟಿನ ಮೇಲೇ ಮತ್ತೆ ಇಡಬೇಡಿ, ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. 90 ಶೇಕಡಾಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡೂ ಕಡೆ ಒರೆಸಿ, ಅಕ್ಕಿ ಕಾಳಿಗಿಂತ ದಪ್ಪ, ಬಟಾಣಿಗಿಂತ ಸಣ್ಣ ಒಂದು ಗುಡ್ಡೆ ಸಾಕು. ಹೊಸ ಕೂಲರ್ ಆದರೆ ತಳದ ಪಾರದರ್ಶಕ ಹಾಳೆ ಕಿತ್ತಿರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ.

ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇದ್ದವರಿಗೆ ಇನ್ನೂ ದೊಡ್ಡ ಗಂಡಾಂತರ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ, ಕೂಲರ್ ನೇರ ಮೇಲೆತ್ತಿದರೆ ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನುಗಳು ಸೊಟ್ಟಗಾಗುತ್ತವೆ. ಹತ್ತು ನಿಮಿಷ ಭಾರದ ಕೆಲಸ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ ವೈರ್ ಕಿತ್ತ ಮೇಲೆ, ಕೂಲರನ್ನು ಎಡಬಲ ತಿರುಚುತ್ತಾ ಬಿಡಿಸಿ.

ದೂಳಿನ ಬಗ್ಗೆ ಹೇಳುವುದು ಕಡಿಮೆ. ಫ್ಯಾನ್ ರೆಕ್ಕೆ ಮೇಲಿನ ದೂಳು ಎಲ್ಲರಿಗೂ ಕಾಣುತ್ತದೆ, ಉಸಿರುಗಟ್ಟಿಸುವುದು ಮಾತ್ರ ಫ್ಯಾನ್ ಕೆಳಗೆ, ಹೀಟ್‌ಸಿಂಕ್ ಅಲಗುಗಳ ಬಾಯಿಯಲ್ಲಿ ಕಂಬಳಿಯಂತೆ ಕೂತದ್ದು. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುವಷ್ಟು ಜೋರಾಗಿ ತಿರುಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಮೂತಿ ಬೋರ್ಡ್ ಹತ್ತಿರ ತರಬೇಡಿ, ಸ್ಥಾಯಿ ವಿದ್ಯುತ್ತಿನ ಭಯ.

ಆ ಎರಡನೇ ರ‍್ಯಾಮ್ ಕೂಡ ಸುಮ್ಮನಿರಲಿಲ್ಲ. ಹಳೆಯದಕ್ಕಿಂತ ಬೇರೆ ವೇಗದ್ದು, ಮೇಲಾಗಿ ಹಳೆಯದರ ಪಕ್ಕದ ಸ್ಲಾಟಿಗೇ ಹಾಕಲಾಗಿತ್ತು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಬೇರೆ ಬೇರೆ ಜೋಡಿ ಸೇರಿಸಿ, ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಚಾಲೂ ಮಾಡಿದರೆ ಹೊಸ ಹ್ಯಾಂಗ್‌ಗೆ ಆಹ್ವಾನ ಕೊಟ್ಟಂತೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಬೇಕು, ಒಂದೇ ಒಂದು ದೋಷ ಬಂದರೂ ಅದು ದೋಷವೇ.

ಬಿಡಿಭಾಗ ಬದಲಿಸಿ ಗುಣವಾಗದ ತಡವರಿಕೆಗಳೂ ಇವೆ. ಕೆಲವು ರೈಜೆನ್ ಯಂತ್ರಗಳು ಭದ್ರತಾ ವ್ಯವಸ್ಥೆಯಾದ ಎಫ್‌ಟಿಪಿಎಂ ಕಾರಣದಿಂದ ಆಗಾಗ ತಡವರಿಸುತ್ತವೆ ಎಂದು ಎಎಂಡಿಯೇ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಮದ್ದು ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿ ವೋಲ್ಟೇಜಿನಿಂದ ಸವೆದು ಕ್ರ್ಯಾಶ್ ಆಗುತ್ತಿದ್ದವು, 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳ ತಂತ್ರಾಂಶ) ತಿದ್ದುಪಡಿ ಬಂತು. ಆದರೆ ಆಗಲೇ ಸವೆದ ಚಿಪ್ಪನ್ನು ಆ ತಿದ್ದುಪಡಿ ಗುಣ ಮಾಡುವುದಿಲ್ಲ. ಇವುಗಳ ವಾರಂಟಿಯನ್ನು ಇಂಟೆಲ್ ಎರಡು ವರ್ಷ ಹೆಚ್ಚಿಸಿತು, ಅವಧಿ ಉಳಿದಿದ್ದರೆ ಬದಲಿ ಕೇಳಿ. ಕಂಪ್ಯೂಟರ್ ವೇಗ ಮಾಡುತ್ತೇವೆನ್ನುವ ಕ್ಲೀನರ್, ಬೂಸ್ಟರ್ ತಂತ್ರಾಂಶಗಳು ಮೇಲಿನ ಯಾವುದನ್ನೂ ಮುಟ್ಟಲಾರವು. ಪವರ್ ಸಪ್ಲೈ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಕೇಬಲ್ ಬದಲಿಸಿದ ಮೇಲೆ ಸಿ7 ಸಂಖ್ಯೆ ಸೊನ್ನೆಗೆ ಇಳಿಯುತ್ತದೆಂದು ಕಾಯಬೇಡಿ, ಅದು ಇಳಿಯುವುದಿಲ್ಲ. ಬದಲಿಸಿದ ದಿನದ ಸಂಖ್ಯೆಯನ್ನು ತಾರೀಕಿನ ಸಮೇತ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲ ಒಳಬದಿಗೆ ಅಂಟಿಸಿ. ಒಂದು ವಾರ ಬಿಟ್ಟು ನೋಡಿದಾಗ ಅದೇ ಸಂಖ್ಯೆ ಇದ್ದರೆ ಕೆಲಸ ಮುಗಿಯಿತು. ಏರಿದ್ದರೆ ಮುಂದಿನ ಅನುಮಾನ ಬೋರ್ಡಿನ ಪೋರ್ಟ್ ಮೇಲೆ.